ಒಂದು ಅಂಕಿ ಬದಲಾದರೆ

ಸರ್ಕಾರಿ ಕಚೇರಿಗಳಲ್ಲಿ ‘ಕಡತ’ ಎಂದರೆ ಫೈಲು. ಗಣಕಯಂತ್ರಕ್ಕೆ ಕನ್ನಡ ಪದಗಳನ್ನು ಹೊಂದಿಸಹೊರಟವರೂ ಅದೇ ಪದವನ್ನು ಎತ್ತಿಕೊಂಡರು. ಆದರೆ ಮೂಲದಲ್ಲಿ ಕಡತ ಎಂಬುದು ಕಾಗದವೇ ಅಲ್ಲ, ಬಟ್ಟೆ. ಹುಣಿಸೆಬೀಜದ ಸರಿಯನ್ನು ಇದ್ದಿಲಿನ ಪುಡಿಯೊಡನೆ ಕಲಸಿ, ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕಪ್ಪು ಪುಸ್ತಕ ಅದು. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಕನ್ನಡ ನಾಡಿನ ವರ್ತಕರು ತಮ್ಮ ಲೆಕ್ಕವನ್ನು, ಮಠಗಳವರು ತಮ್ಮ ದಾಖಲೆಗಳನ್ನು ಹೀಗೆಯೇ ಇಡುತ್ತಿದ್ದರು. ಶೃಂಗೇರಿ ಮಠದಲ್ಲಿ ಅಂಥ ಕಡತಗಳು ಇಂದಿಗೂ ಉಳಿದುಬಂದಿವೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮೈಸೂರಿನ ಚರಿತ್ರೆ ಬರೆದ ಮಾರ್ಕ್ ವಿಲ್ಕ್ಸ್ ಕೂಡ ಈ ವಿಚಿತ್ರ ಪುಸ್ತಕವನ್ನು ಕಂಡು ವರ್ಣಿಸಿದ್ದಾನೆ.

ಕಡತದ ದೊಡ್ಡ ಅನುಕೂಲವೆಂದರೆ ಅಳಿಸಿ ಬರೆಯಬಹುದಾಗಿದ್ದುದು. ಲೆಕ್ಕ ಚುಕ್ತಾ ಆದ ಮೇಲೆ ಒರೆಸಿ, ಬೇಕಾದರೆ ಮತ್ತೊಮ್ಮೆ ಸರಿ ಬಳಿದು, ಹೊಸ ಲೆಕ್ಕ ಆರಂಭಿಸಬಹುದಿತ್ತು. ಆದರೆ ಅಳಿಸುವುದು ಸುಲಭವಾದ ಮಾತ್ರಕ್ಕೆ ಲೆಕ್ಕ ತಿದ್ದುವುದು ಸುಲಭವಾಗುವುದಿಲ್ಲ. ನಡುವಿನ ಒಂದು ಅಂಕಿಯನ್ನು ಒರೆಸಿ ಬೇರೆ ಅಂಕಿ ಬರೆದಿರಿ ಎನ್ನಿ. ಕೆಳಗಿನ ಮೊತ್ತ ಹಳೆಯದೇ ಇರುತ್ತದೆ. ಆ ಮೊತ್ತದ ಮೇಲೆ ಹಾಕಿದ ಬಡ್ಡಿ, ಬಡ್ಡಿ ಕಳೆದು ಉಳಿದ ಶಿಲ್ಕು, ಆ ಶಿಲ್ಕನ್ನು ಮುಂದಿನ ಪುಟಕ್ಕೆ ಎಳೆದದ್ದು, ಎಲ್ಲವೂ ಸುಳ್ಳಾಗುತ್ತವೆ. ಬಳಪ ಹಿಡಿದವನು ಸಾಲಾಗಿ ಅವನ್ನೆಲ್ಲ ಒರೆಸುತ್ತಾ ಹೋಗಬೇಕು. 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಲೂಕಾ ಪಚೋಲಿಯ ಗಣಿತ ಗ್ರಂಥ ಜಮಾ-ಖರ್ಚುಗಳ ಜೋಡಿ ದಾಖಲೆಯ ಪದ್ಧತಿಯನ್ನು ಲೋಕಕ್ಕೆ ಪ್ರಚುರಪಡಿಸಿತು. ತಪ್ಪು ಆಗಿದೆ ಎಂದು ಕಂಡುಹಿಡಿಯಲು ಅದರಿಂದ ಸಹಾಯವಾಯಿತು. ತಪ್ಪನ್ನು ತಿದ್ದುವ ಶ್ರಮ ಮಾತ್ರ ಬಳಪದವನಿಗೂ ಮಸಿಯವನಿಗೂ ಒಂದೇ ಆಗಿ ಉಳಿಯಿತು. ಸಂಕಲನ ಮಾಡುವ ಯಂತ್ರಗಳು ಬಂದ ಮೇಲೂ ಸ್ಥಿತಿ ಹೀಗೆಯೇ ಇತ್ತು. ಯಂತ್ರ ಕೂಡಿಸಿಕೊಡುತ್ತಿತ್ತೇ ಹೊರತು, ಯಾವುದನ್ನು ಮತ್ತೆ ಕೂಡಿಸಬೇಕೆಂಬುದು ಅದಕ್ಕೆ ತಿಳಿಯುತ್ತಿರಲಿಲ್ಲ.

ಈ ಶ್ರಮಕ್ಕೆ ಕೊನೆ ಹಾಡುವ ಯೋಚನೆ ಹುಟ್ಟಿದ್ದು 1978ರಲ್ಲಿ, ಅಮೆರಿಕದ ಹಾರ್ವರ್ಡ್ ವಾಣಿಜ್ಯ ಶಾಲೆಯ ತರಗತಿಯೊಂದರಲ್ಲಿ. ಅಲ್ಲಿನ ಉಪನ್ಯಾಸಕರು ಕಪ್ಪುಹಲಗೆಯ ಮೇಲೆ ಅಡ್ಡಸಾಲು ಕಂಬಸಾಲುಗಳನ್ನು ಎಳೆದು ಕಂಪೆನಿಯೊಂದರ ಉತ್ಪಾದನೆ, ವೆಚ್ಚ, ಲಾಭಗಳ ಕೋಷ್ಟಕ ತುಂಬುತ್ತಿದ್ದರು. ನಡುವೆ ಒಂದು ಅಂಕಿ ತಪ್ಪಿದ್ದರೆ, ಅಥವಾ ‘ಬೆಲೆ ಸ್ವಲ್ಪ ಇಳಿಸಿದರೆ ಏನಾದೀತು ನೋಡೋಣ’ ಎಂದರೆ, ಅಲ್ಲಿಂದ ಮುಂದಿನ ಮನೆಗಳನ್ನೆಲ್ಲ ಒರೆಸಿ ಬರೆಯಬೇಕು. ವಿದ್ಯಾರ್ಥಿಗಳೂ ತಮ್ಮ ಪುಸ್ತಕಗಳಲ್ಲಿ ಅದನ್ನೇ ಮಾಡಬೇಕು. ಹೀಗೆ ಕುಳಿತು ನೋಡುತ್ತಿದ್ದ ವಿದ್ಯಾರ್ಥಿಗಳಲ್ಲಿ ಡ್ಯಾನ್ ಬ್ರಿಕ್ಲಿನ್ ಒಬ್ಬರು.

ಬ್ರಿಕ್ಲಿನ್ ಹಿಂದೆ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನಲ್ಲಿ ಪದಸಂಸ್ಕಾರಕ ತಂತ್ರಾಂಶದ ಮೇಲೆ ಕೆಲಸ ಮಾಡಿ ಬಂದವರು. ಪರದೆಯ ಮೇಲೆ ವಾಕ್ಯದ ನಡುವೆ ಒಂದು ಪದ ಸೇರಿಸಿದರೆ ಮುಂದಿನ ಸಾಲುಗಳೆಲ್ಲ ತಾವಾಗಿ ಸರಿದು ಜಾಗ ಬಿಡುವುದನ್ನು ಅವರು ಕಂಡಿದ್ದರು. ಅಕ್ಷರಗಳಿಗೆ ಸಾಧ್ಯವಾದದ್ದು ಅಂಕಿಗಳಿಗೇಕೆ ಆಗದು? ಮೊದಲು ಅವರು ಕಲ್ಪಿಸಿಕೊಂಡ ಉಪಕರಣ ಇನ್ನೂ ವಿಲಕ್ಷಣವಾಗಿತ್ತು. ಅಡಿಯಲ್ಲಿ ಉರುಳುವ ಗುಂಡು ಇರುವ ಒಂದು ಕ್ಯಾಲ್ಕುಲೇಟರ್, ಯುದ್ಧವಿಮಾನದ ಚಾಲಕನಿಗೆ ಕಾಣುವಂತೆ ಕಣ್ಣೆದುರು ಗಾಳಿಯಲ್ಲಿ ತೇಲುವ ಅಂಕಿಗಳು! ಕಡೆಗೆ ಅವರು ನೆಲಕ್ಕಿಳಿದು, ಸಾಧಾರಣ ಪರದೆ ಮತ್ತು ಕೀಲಿಮಣೆಗಳಿಗೆ ಒಗ್ಗುವ ವಿನ್ಯಾಸ ಮಾಡಿದರು.

ಅದು ಏನೆಂದು ಒಂದು ಉದಾಹರಣೆಯಿಂದ ತಿಳಿಯಬಹುದು. ಮದುವೆಯ ಖರ್ಚಿನ ಅಂದಾಜು ಹಾಕುತ್ತಿದ್ದೀರಿ ಎಂದುಕೊಳ್ಳಿ. ಬರುವವರು 500 ಮಂದಿ. ಎಲೆಯೊಂದಕ್ಕೆ ಊಟ 180 ರೂಪಾಯಿ, ಕುರ್ಚಿ ಬಾಡಿಗೆ 12, ತಾಂಬೂಲದ ಚೀಲ 30, ಛತ್ರದ ಬಾಡಿಗೆ ಒಟ್ಟಾಗಿ 60 ಸಾವಿರ. ಕೂಡಿಸಿದರೆ 1,71,000 ರೂಪಾಯಿ. ಅಷ್ಟರಲ್ಲಿ ಬೀಗರ ಕಡೆಯಿಂದ ಸುದ್ದಿ ಬರುತ್ತದೆ: ಬರುವವರು 650 ಮಂದಿ. ಕಾಗದದ ಮೇಲೆ ಬರೆದವನು ಊಟ, ಕುರ್ಚಿ, ತಾಂಬೂಲ ಮೂರನ್ನೂ ಹೊಡೆದುಹಾಕಿ ಗುಣಿಸಿ ಕೂಡಿಸಬೇಕು. ಬ್ರಿಕ್ಲಿನ್ ಅವರ ಹಾಳೆಯಲ್ಲಿ, ಚೌಕಾಬಾರದ ಮಣೆಯ ಹಾಗೆ, ಪ್ರತಿಯೊಂದು ಮನೆಗೂ ಒಂದು ವಿಳಾಸವಿದೆ. ಕಂಬಸಾಲಿಗೆ ಅಕ್ಷರ, ಅಡ್ಡಸಾಲಿಗೆ ಸಂಖ್ಯೆ. ಊಟದ ವೆಚ್ಚದ ಮನೆಯಲ್ಲಿ 90,000 ಎಂದು ಬರೆಯುವುದಿಲ್ಲ. ‘ಜನರ ಸಂಖ್ಯೆ ಇರುವ ಮನೆಯನ್ನು ಎಲೆಯ ದರ ಇರುವ ಮನೆಯಿಂದ ಗುಣಿಸು’ ಎಂದು ಬರೆಯುತ್ತೀರಿ. ಅದು ಸೂತ್ರ. ಮನೆಯೊಳಗೆ ಸೂತ್ರವಿರುತ್ತದೆ, ಹೊರಗೆ ಉತ್ತರ ಕಾಣುತ್ತದೆ. 500 ಇದ್ದಲ್ಲಿ 650 ಒತ್ತಿದ ಕೂಡಲೇ ಆ ಸಂಖ್ಯೆಯನ್ನು ನಂಬಿಕೊಂಡ ಮನೆಗಳೆಲ್ಲ ತಮ್ಮ ಉತ್ತರವನ್ನು ತಾವೇ ತಿದ್ದಿಕೊಂಡು, ಕೆಳಗಿನ ಮೊತ್ತ 2,04,300 ಎನ್ನುತ್ತದೆ. ಛತ್ರದ ಬಾಡಿಗೆ ಮಾತ್ರ ಕದಲದೆ ನಿಲ್ಲುತ್ತದೆ. ಇಷ್ಟೇ ಇದರ ಗುಟ್ಟು. ಕೇಳಿದವರಿಗೆ ಇದೇನು ಮಹಾ ಎನ್ನಿಸಬಹುದು, ಆದರೆ ಇಷ್ಟು ಸರಳವಾದದ್ದು ಸಾಮಾನ್ಯರ ಮೇಜಿಗೆ ಅದುವರೆಗೆ ಬಂದಿರಲಿಲ್ಲ.

ದೊಡ್ಡ ಗಣಕಗಳಲ್ಲಿ ಇಂಥ ಪ್ರಯತ್ನಗಳು ಅದಕ್ಕೂ ಮೊದಲು ನಡೆದಿದ್ದವು ಎಂಬುದನ್ನು ಹೇಳಬೇಕು. ರಿಚರ್ಡ್ ಮ್ಯಾಟೆಸಿಚ್ 1961ರಲ್ಲೇ ಗಣಕದ ಮೇಲಿನ ಆಯವ್ಯಯ ಕೋಷ್ಟಕದ ಬಗ್ಗೆ ಬರೆದಿದ್ದರು. 1969ರಲ್ಲಿ ರೆನೆ ಪಾರ್ಡೊ ಮತ್ತು ರೆಮಿ ಲ್ಯಾಂಡೌ ‘ಲ್ಯಾನ್‌ಪಾರ್’ ಎಂಬ ತಂತ್ರಾಂಶ ರಚಿಸಿದ್ದರು. ಆದರೆ ಅವೆಲ್ಲ ದೊಡ್ಡ ಕಂಪೆನಿಗಳ ತಣ್ಣನೆಯ ಕೋಣೆಗಳೊಳಗಿನ ಮಾತು.

ಬ್ರಿಕ್ಲಿನ್ ಅವರ ವಿನ್ಯಾಸಕ್ಕೆ ಜೀವ ಕೊಟ್ಟವರು ಅವರ ಎಂ.ಐ.ಟಿ. ದಿನಗಳ ಗೆಳೆಯ ಬಾಬ್ ಫ್ರಾಂಕ್‌ಸ್ಟನ್. ಆರ್ಲಿಂಗ್ಟನ್ ಎಂಬ ಊರಿನ ಒಂದು ಅಟ್ಟದ ಮೇಲೆ ಕುಳಿತು ಅವರು ಇಡೀ ತಂತ್ರಾಂಶ ಬರೆದರು. ಅದಕ್ಕೆ ಬಳಸಿದ ಎಂ.ಐ.ಟಿ.ಯ ದೊಡ್ಡ ಗಣಕದ ಬಾಡಿಗೆ ರಾತ್ರಿ ವೇಳೆ ಅಗ್ಗ. ಆದ್ದರಿಂದ ರಾತ್ರಿ ಕೆಲಸ, ಹಗಲು ನಿದ್ದೆ. 1979ರ ಜನವರಿಯಲ್ಲಿ ಇಬ್ಬರೂ ಸೇರಿ ‘ಸಾಫ್ಟ್‌ವೇರ್ ಆರ್ಟ್ಸ್’ ಎಂಬ ಸಂಸ್ಥೆ ತೆರೆದರು. ಹಾರ್ವರ್ಡ್‌ನಲ್ಲೇ ಕಲಿತಿದ್ದ ಡ್ಯಾನ್ ಫಿಲ್‌ಸ್ಟ್ರಾ ಎಂಬುವರು ಮಾರಾಟದ ಹೊಣೆ ಹೊತ್ತರು, ಒಂದು ಆಪಲ್-2 ಯಂತ್ರವನ್ನೂ ಕಡ ಕೊಟ್ಟರು. ಕಣ್ಣಿಗೆ ಕಾಣುವ ಕ್ಯಾಲ್ಕುಲೇಟರ್ ಎಂಬರ್ಥದಲ್ಲಿ ಕೂಸಿಗೆ ‘ವಿಸಿಕ್ಯಾಲ್ಕ್’ ಎಂದು ಹೆಸರಿಟ್ಟರು. ಅದೇ ವರ್ಷದ ಅಕ್ಟೋಬರ್ ವೇಳೆಗೆ ಅದು ಅಂಗಡಿಗೆ ಬಂತು. 63 ಕಂಬಸಾಲು, 254 ಅಡ್ಡಸಾಲು. ಅದು ಕೆಲಸ ಮಾಡಿದ್ದು 32 ಕಿಲೋಬೈಟ್ ಸ್ಮೃತಿಯ ಯಂತ್ರದ ಮೇಲೆ. ಈಗ ಓದುತ್ತಿರುವ ಈ ಲೇಖನವನ್ನು ಯೂನಿಕೋಡ್ ಕನ್ನಡದಲ್ಲಿ ಉಳಿಸಿಡಲು ಅದಕ್ಕಿಂತ ಹೆಚ್ಚು ಜಾಗ ಬೇಕು.

ಮೊದಮೊದಲು ಗಣಕದ ಅಂಗಡಿಯವರಿಗೇ ಇದರ ಉಪಯೋಗ ಸರಿಯಾಗಿ ಹೊಳೆಯಲಿಲ್ಲ. ಲೆಕ್ಕ ಬರೆಯುವವರಿಗೆ ಮಾತ್ರ ಕ್ಷಣದಲ್ಲಿ ಅರ್ಥವಾಯಿತು. ಬ್ರಿಕ್ಲಿನ್ ನೆನಪಿಸಿಕೊಂಡಿರುವಂತೆ, ಇದನ್ನು ತೋರಿಸಿದಾಗ ಲೆಕ್ಕಿಗನೊಬ್ಬ ನಡುಗಿಯೇ ಹೋದನಂತೆ. ತಾನು ವಾರವಿಡೀ ಮಾಡುವ ಕೆಲಸವೇ ಇದು, ಇದಾದರೆ ಒಂದು ತಾಸಿನಲ್ಲಿ ಮುಗಿಯುತ್ತದೆ ಎಂದನಂತೆ. ಆ ನಡುಕ ಸಂತೋಷದ್ದೋ ಭಯದ್ದೋ ಎಂದು ವಿಂಗಡಿಸುವುದು ಕಷ್ಟ. ನೂರು ಡಾಲರಿನ ಆಸುಪಾಸಿನ ಈ ತಂತ್ರಾಂಶಕ್ಕಾಗಿ ಜನ ಸಾವಿರಾರು ಡಾಲರಿನ ಯಂತ್ರವನ್ನೇ ಕೊಳ್ಳತೊಡಗಿದರು. ಆಟಿಕೆ ಎನ್ನಿಸಿಕೊಂಡಿದ್ದ ಪುಟ್ಟ ಗಣಕ ಕಚೇರಿಯ ಮೇಜು ಹತ್ತಿದ್ದು ಹೀಗೆ.

ಉದ್ಯೋಗದ ಮಾತೂ ಬಂತು. 1980ರ ದಶಕದಲ್ಲಿ ನಮ್ಮ ಬ್ಯಾಂಕುಗಳಿಗೆ ಗಣಕ ಬರುವಾಗ ನೌಕರರ ಸಂಘಟನೆಗಳು ವಿರೋಧಿಸಿದ್ದು ಹಿರಿಯ ಓದುಗರಿಗೆ ನೆನಪಿರಬಹುದು. ಆ ಆತಂಕ ಪೂರ್ತಿ ಸುಳ್ಳಾಗಿರಲಿಲ್ಲ. ಅಮೆರಿಕದಲ್ಲಿ ಮುಂದಿನ ದಶಕಗಳಲ್ಲಿ ಲೆಕ್ಕ ಬರೆಯುವ ಗುಮಾಸ್ತರ ಸಂಖ್ಯೆ ಇಳಿದುಹೋಯಿತು. ಆದರೆ ಲೆಕ್ಕವನ್ನು ಬಿಡಿಸಿ, ‘ಹೀಗಾದರೆ ಹಾಗೆ’ ಎಂದು ಯೋಚಿಸಿ ಹೇಳುವ ಲೆಕ್ಕಪರಿಣತರ ಸಂಖ್ಯೆ ಏರಿತು. ಒಂದು ಪ್ರಶ್ನೆಗೆ ಉತ್ತರ ಪಡೆಯಲು ವಾರ ಹಿಡಿಯುತ್ತಿದ್ದಾಗ ಮಾಲೀಕ ಒಂದೇ ಪ್ರಶ್ನೆ ಕೇಳುತ್ತಿದ್ದ. ಕ್ಷಣ ಸಾಕು ಎಂದಾದಾಗ ಐವತ್ತು ಪ್ರಶ್ನೆ ಕೇಳತೊಡಗಿದ.

ವಿಸಿಕ್ಯಾಲ್ಕ್‌ಗೆ ಪೇಟೆಂಟ್ ಸಿಕ್ಕಲಿಲ್ಲ. ಆ ಕಾಲದಲ್ಲಿ ತಂತ್ರಾಂಶಕ್ಕೆ ಪೇಟೆಂಟ್ ದೊರೆಯುವ ಸಂಭವವೇ ಕಡಿಮೆ ಎಂದು ವಕೀಲರು ಹೇಳಿದ್ದರಿಂದ ಅರ್ಜಿಯನ್ನೇ ಹಾಕಲಿಲ್ಲ. ಅಮೆರಿಕದ ಸುಪ್ರೀಂ ಕೋರ್ಟು ಆ ಬಾಗಿಲನ್ನು ಸ್ವಲ್ಪ ತೆರೆದದ್ದು 1981ರಲ್ಲಿ. ಅಷ್ಟರಲ್ಲಿ ಕಾಲ ಮೀರಿತ್ತು. 1983ರ ಜನವರಿಯಲ್ಲಿ ಮಿಚ್ ಕಪೋರ್ ಅವರ ‘ಲೋಟಸ್ 1-2-3’ ಐ.ಬಿ.ಎಂ. ಯಂತ್ರಗಳಿಗಾಗಿ ಬಂತು. ಅದು ಇನ್ನೂ ಚುರುಕು, ಜೊತೆಗೆ ನಕ್ಷೆಗಳನ್ನೂ ಬಿಡಿಸುತ್ತಿತ್ತು. ಎರಡೇ ವರ್ಷಗಳಲ್ಲಿ, 1985ರಲ್ಲಿ, ಲೋಟಸ್ ಕಂಪೆನಿ ಸಾಫ್ಟ್‌ವೇರ್ ಆರ್ಟ್ಸ್ ಅನ್ನೇ ಕೊಂಡುಕೊಂಡಿತು. ಅದೇ ವರ್ಷ ಮೈಕ್ರೋಸಾಫ್ಟ್‌ನ ‘ಎಕ್ಸೆಲ್’ ಮೆಕಿಂಟಾಷ್‌ಗೆ ಬಂತು, 1987ರಲ್ಲಿ ವಿಂಡೋಸ್‌ಗೂ ಬಂದು ಮುಂದೆ ಲೋಟಸ್ ಅನ್ನೂ ನುಂಗಿತು. ಗೆದ್ದವನು ಸೋತವನಿಂದ ಒಂದು ತಪ್ಪನ್ನು ಬಳುವಳಿಯಾಗಿ ಪಡೆದ ಕತೆ ಸ್ವಾರಸ್ಯಕರವಾಗಿದೆ. 1900 ಅಧಿಕ ವರ್ಷವಲ್ಲ. ಆದರೆ ಲೋಟಸ್ ಅದನ್ನು ಅಧಿಕ ವರ್ಷವೆಂದೇ ಎಣಿಸುತ್ತಿತ್ತು. ಲೋಟಸ್‌ನ ಹಾಳೆಗಳನ್ನು ಇಲ್ಲಿಗೆ ತಂದರೆ ದಿನಾಂಕಗಳು ಏರುಪೇರಾಗಬಾರದೆಂದು ಎಕ್ಸೆಲ್ ಕೂಡ ಆ ತಪ್ಪನ್ನು ಬೇಕೆಂದೇ ಉಳಿಸಿಕೊಂಡಿತು. ನಾವು ಬಳಸುವ ಕ್ಯಾಲೆಂಡರಿನಲ್ಲಿ ಇಲ್ಲದ 1900ನೇ ಇಸವಿಯ ಫೆಬ್ರುವರಿ 29 ಎಕ್ಸೆಲ್‌ನಲ್ಲಿ ಈಗಲೂ ಇದೆ.

ಲೆಕ್ಕದ ತಂತ್ರಾಂಶದ ಇನ್ನೊಂದು ಕವಲು ಬೆಂಗಳೂರಿನಲ್ಲಿ ಒಡೆಯಿತು. ಕಾರ್ಖಾನೆಗಳಿಗೆ ಸಾಮಗ್ರಿ ಒದಗಿಸುತ್ತಿದ್ದ ವ್ಯಾಪಾರಿ ಶ್ಯಾಮ್ ಸುಂದರ್ ಗೋಯೆಂಕಾ ತಮ್ಮ ಲೆಕ್ಕಕ್ಕೆ ಸರಿಹೊಂದುವ ತಂತ್ರಾಂಶ ಸಿಗದೆ, ಮಗ ಭರತ್ ಗೋಯೆಂಕಾ ಅವರಿಗೆ ಒಂದನ್ನು ಮಾಡಿಕೊಡಲು ಹೇಳಿದರು. 1986ರಲ್ಲಿ ಆರಂಭವಾದ ಆ ಸಂಸ್ಥೆಯೇ ಮುಂದೆ ‘ಟ್ಯಾಲಿ’ ಎಂದು ಮನೆಮಾತಾಯಿತು. ಭರತ್ ಗೋಯೆಂಕಾ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ಚಿಕ್ಕಪೇಟೆಯ ಬಟ್ಟೆ ಅಂಗಡಿಯಿಂದ ಹಿಡಿದು ತಾಲ್ಲೂಕು ಕೇಂದ್ರದ ಗೊಬ್ಬರದ ಅಂಗಡಿಯವರೆಗೆ ಟ್ಯಾಲಿ ಗೊತ್ತಿರುವ ಹುಡುಗ ಹುಡುಗಿಯರಿಗೆ ಕೆಲಸ ಸಿಗುತ್ತದೆ.

ಟ್ಯಾಲಿಗೂ ಎಕ್ಸೆಲ್‌ಗೂ ಇರುವ ವ್ಯತ್ಯಾಸವನ್ನು ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಮುಂದಿನ ಅನಾಹುತಗಳ ಬೇರು ಅಲ್ಲಿದೆ. ಟ್ಯಾಲಿಗೆ ವ್ಯಾಪಾರ ಗೊತ್ತು. ಒಂದು ಕಡೆ ಜಮಾ ಆದರೆ ಇನ್ನೊಂದು ಕಡೆ ಖರ್ಚು ಬೀಳಲೇಬೇಕೆಂದು ಅದು ಹಟ ಹಿಡಿಯುತ್ತದೆ. ಎರಡೂ ತಾಳೆಯಾಗದಿದ್ದರೆ ಮುಂದಕ್ಕೆ ಬಿಡುವುದಿಲ್ಲ. ಹಳೆಯ ಕಾಲದ ಕಟ್ಟುನಿಟ್ಟಿನ ಗುಮಾಸ್ತೆಯ ಹಾಗೆ. ಎಕ್ಸೆಲ್‌ನಂಥ ಹಾಳೆಗೆ ಏನೂ ಗೊತ್ತಿಲ್ಲ. ಅದಕ್ಕೆ ಮದುವೆಯ ಖರ್ಚೂ ಒಂದೇ, ಮಳೆಯ ಪ್ರಮಾಣವೂ ಒಂದೇ, ಶಾಲೆಯ ಅಂಕಪಟ್ಟಿಯೂ ಒಂದೇ. ಅದರ ಶಕ್ತಿ ಇರುವುದೂ ಈ ಅಜ್ಞಾನದಲ್ಲೇ. ಯಾರು ಯಾವುದಕ್ಕೆ ಬೇಕಾದರೂ ಬಳಸಬಹುದು, ಯಾರನ್ನೂ ಕೇಳಬೇಕಾಗಿಲ್ಲ. ಆದರೆ ಕೂಡಿಸಬೇಕಾದ ಕಡೆ ಕಳೆದರೆ ಅದು ತುಟಿಪಿಟಕ್ಕೆನ್ನದೆ ಕಳೆಯುತ್ತದೆ. ಇಪ್ಪತ್ತು ಸಾಲುಗಳಿರುವಲ್ಲಿ ಹದಿನೈದನ್ನು ಮಾತ್ರ ತೆಗೆದುಕೊಂಡರೆ ಹದಿನೈದರ ಮೊತ್ತವನ್ನೇ ಅಚ್ಚುಕಟ್ಟಾಗಿ, ನೇರ ಸಾಲಿನಲ್ಲಿ, ದಪ್ಪಕ್ಷರದಲ್ಲಿ ತೋರಿಸುತ್ತದೆ. ಕೈಬರಹದ ಲೆಕ್ಕದಲ್ಲಿ ಹೊಡೆದುಹಾಕಿದ ಗುರುತು, ಮೇಲೆ ತಿದ್ದಿದ ಮಸಿ ಕಣ್ಣಿಗೆ ಬೀಳುತ್ತದೆ. ಇಲ್ಲಿ ಸೂತ್ರ ಮರೆಯಲ್ಲಿರುತ್ತದೆ, ಉತ್ತರ ಮಾತ್ರ ಮುಖ ತೋರಿಸುತ್ತದೆ. ಸ್ಟೀವನ್ ಲೆವಿ ಎಂಬ ಪತ್ರಕರ್ತ 1984ರಲ್ಲೇ ಈ ಹಾಳೆಗಳ ಬಗ್ಗೆ ಒಂದು ದೀರ್ಘ ಲೇಖನ ಬರೆದು, ಅಂದವಾಗಿ ಕಾಣುವ ಅಂಕಿಗಳ ಹಿಂದೆ ಯಾರದೋ ಊಹೆ ಅಡಗಿರುತ್ತದೆಂಬುದನ್ನು ಜನ ಮರೆಯುತ್ತಾರೆ ಎಂದು ಎಚ್ಚರಿಸಿದ್ದರು.

ಹದಿನೈದು-ಇಪ್ಪತ್ತರ ಉದಾಹರಣೆ ಕಲ್ಪಿತವಲ್ಲ. ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಎಂಬ ಹೆಸರಾಂತ ಅರ್ಥಶಾಸ್ತ್ರಜ್ಞರು 2010ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ದೇಶದ ಸಾಲ ಅದರ ಒಟ್ಟು ಉತ್ಪನ್ನದ ಶೇ. 90ನ್ನು ಮೀರಿದರೆ ಬೆಳವಣಿಗೆ ಕುಸಿಯುತ್ತದೆ, ಸರಾಸರಿ ಸೊನ್ನೆಗಿಂತ ಕೆಳಗೇ ಇಳಿಯುತ್ತದೆ ಎಂಬುದು ಅದರ ತಿರುಳು. ಯೂರೋಪಿನಲ್ಲೂ ಅಮೆರಿಕದಲ್ಲೂ ಸರ್ಕಾರದ ವೆಚ್ಚ ಕಡಿತ ಮಾಡಬೇಕೆಂದು ವಾದಿಸುತ್ತಿದ್ದ ರಾಜಕಾರಣಿಗಳಿಗೆ ಇದು ಆಧಾರವಾಗಿ ಒದಗಿತು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯದ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿಗೆ ತರಗತಿಯ ಅಭ್ಯಾಸವಾಗಿ ಆ ಲೆಕ್ಕವನ್ನು ಮತ್ತೆ ಮಾಡಿನೋಡಬೇಕಾಗಿ ಬಂತು. ಎಷ್ಟು ಮಾಡಿದರೂ ಉತ್ತರ ತಾಳೆಯಾಗಲಿಲ್ಲ. ಕಡೆಗೆ ಮೂಲ ಲೇಖಕರಿಂದಲೇ ಹಾಳೆಯನ್ನು ತರಿಸಿಕೊಂಡು ನೋಡಿದರೆ, ಸರಾಸರಿಯ ಸೂತ್ರ 30ನೇ ಸಾಲಿನಿಂದ 44ರವರೆಗೆ ಬಂದು ನಿಂತುಬಿಟ್ಟಿತ್ತು. 49ರವರೆಗೆ ಹೋಗಬೇಕಿತ್ತು. ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್ ಐದು ದೇಶಗಳು ಲೆಕ್ಕದಿಂದ ಹೊರಗೇ ಉಳಿದಿದ್ದವು. ನಿಜ, ಇದೊಂದರಿಂದಲೇ ಫಲಿತಾಂಶ ಬುಡಮೇಲಾಗಲಿಲ್ಲ. ಯಾವ ವರ್ಷಗಳನ್ನು ಸೇರಿಸಬೇಕು, ಯಾವ ದೇಶಕ್ಕೆ ಎಷ್ಟು ತೂಕ ಕೊಡಬೇಕು ಎಂಬ ಭಿನ್ನಾಭಿಪ್ರಾಯಗಳ ಪಾಲು ಇನ್ನೂ ದೊಡ್ಡದು. ಹರ್ನ್‌ಡನ್ ಮತ್ತು ಅವರ ಅಧ್ಯಾಪಕರು 2013ರಲ್ಲಿ ಎಲ್ಲವನ್ನೂ ತಿದ್ದಿ ನೋಡಿದಾಗ ಬಂದ ಸರಾಸರಿ ಬೆಳವಣಿಗೆ ಶೇ. 2.2. ಹಾಳೆಯ ತಪ್ಪನ್ನು ಮೂಲ ಲೇಖಕರು ಒಪ್ಪಿಕೊಂಡರು, ತಮ್ಮ ಒಟ್ಟು ವಾದವನ್ನು ಬಿಟ್ಟುಕೊಡಲಿಲ್ಲ. ಮೂರು ವರ್ಷ ಯಾರೂ ಆ ಸೂತ್ರದ ಮನೆಯ ಮೇಲೆ ಬೆರಳಿಟ್ಟು ನೋಡಿರಲಿಲ್ಲ ಎಂಬುದೇ ಇಲ್ಲಿ ಗಮನಿಸಬೇಕಾದದ್ದು.

2012ರಲ್ಲಿ ಜೆ.ಪಿ. ಮಾರ್ಗನ್ ಬ್ಯಾಂಕು ಲಂಡನ್ ಕಚೇರಿಯ ವಹಿವಾಟಿನಲ್ಲಿ 600 ಕೋಟಿ ಡಾಲರಿಗೂ ಹೆಚ್ಚು ಕಳೆದುಕೊಂಡಿತು. ಕಾರಣಗಳು ಹಲವು. ಬ್ಯಾಂಕಿನ ಸ್ವಂತ ವಿಚಾರಣಾ ವರದಿ ಹೇಳಿದ ಒಂದು ಸಂಗತಿ ಇದು: ನಷ್ಟದ ಅಪಾಯವನ್ನು ಅಳೆಯುವ ಲೆಕ್ಕ ಒಂದು ಹಾಳೆಯಿಂದ ಇನ್ನೊಂದಕ್ಕೆ ಕೈಯಾರೆ ನಕಲು ಮಾಡುತ್ತ ನಡೆಯುತ್ತಿತ್ತು, ಮತ್ತು ಒಂದು ಕಡೆ ಎರಡು ದರಗಳ ಸರಾಸರಿಯಿಂದ ಭಾಗಿಸುವ ಬದಲು ಅವುಗಳ ಮೊತ್ತದಿಂದ ಭಾಗಿಸಲಾಗಿತ್ತು. ಮೊತ್ತ ಸರಾಸರಿಯ ಎರಡರಷ್ಟು. ಹಾಗಾಗಿ ಏರಿಳಿತ ಇದ್ದದ್ದರ ಅರ್ಧದಷ್ಟೇ ಕಾಣುತ್ತಿತ್ತು.

ಹಣ ಹೋದರೆ ಹೋಗಲಿ ಎನ್ನಬಹುದು. ಕೋವಿಡ್ ಹಬ್ಬುತ್ತಿದ್ದ 2020ರ ಶರತ್ಕಾಲದಲ್ಲಿ ಇಂಗ್ಲೆಂಡಿನಲ್ಲಿ ಆದದ್ದು ಹಣದ ಮಾತಲ್ಲ. ಪ್ರಯೋಗಾಲಯಗಳಿಂದ ಬಂದ ಪರೀಕ್ಷಾ ಫಲಿತಾಂಶಗಳನ್ನು ಅಲ್ಲಿನ ಸಾರ್ವಜನಿಕ ಆರೋಗ್ಯ ಇಲಾಖೆ ಹಳೆಯ ಮಾದರಿಯ ಎಕ್ಸೆಲ್ ಹಾಳೆಗೆ ತುಂಬಿಸುತ್ತಿತ್ತು. ಆ ಮಾದರಿಯಲ್ಲಿ 65,536 ಸಾಲುಗಳಿಗಿಂತ ಹೆಚ್ಚು ಹಿಡಿಸುವುದಿಲ್ಲ. 2007ರಲ್ಲೇ ಬಂದ ಹೊಸ ಮಾದರಿಯಲ್ಲಿ ಹತ್ತು ಲಕ್ಷಕ್ಕೂ ಮೀರಿ ಹಿಡಿಸುತ್ತದೆ, ಆದರೆ ಅದನ್ನು ಬಳಸಿರಲಿಲ್ಲ. ಹಾಳೆ ತುಂಬಿದ ಮೇಲೆ ಬಂದವರ ಹೆಸರುಗಳು ಸದ್ದಿಲ್ಲದೆ ಹೊರಗುಳಿದವು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗಿನ 15,841 ಸೋಂಕಿತರು ದಿನದ ಲೆಕ್ಕಕ್ಕೆ ಬರಲಿಲ್ಲ. ಅವರಿಗೆ ಸೋಂಕು ತಗುಲಿದೆಯೆಂಬ ಫಲಿತಾಂಶ ತಲುಪಿತ್ತು. ಆದರೆ ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವವರ ಕೈಗೆ ಅವರ ಹೆಸರು ಸೇರಿರಲಿಲ್ಲ. ಅವರೊಂದಿಗೆ ಕೂತು ಉಂಡವರು, ಬಸ್ಸಿನಲ್ಲಿ ಪಕ್ಕ ಕುಳಿತವರು ಎಚ್ಚರಿಕೆಯಿಲ್ಲದೆ ದಿನಗಟ್ಟಲೆ ಓಡಾಡಿಕೊಂಡಿದ್ದರು.

ಹಾಳೆ ತಾನಾಗಿ ಮಾಡುವ ಉಪಕಾರಗಳೂ ಕೆಲವೊಮ್ಮೆ ಉಪದ್ರವವಾಗುತ್ತವೆ. ಮನುಷ್ಯನ ದೇಹದ ಜೀನ್‌ಗಳಿಗೆ ವಿಜ್ಞಾನಿಗಳು ಚುಟುಕು ಹೆಸರುಗಳನ್ನು ಇಟ್ಟಿರುತ್ತಾರೆ. ಒಂದು ಗುಂಪಿನ ಹೆಸರು ‘ಮಾರ್ಚ್-1’, ‘ಮಾರ್ಚ್-2’ ಎಂದೂ ಇನ್ನೊಂದರದು ‘ಸೆಪ್ಟ್-1’, ‘ಸೆಪ್ಟ್-2’ ಎಂದೂ ಸಾಗುತ್ತಿತ್ತು. ಇವನ್ನು ಎಕ್ಸೆಲ್‌ನಲ್ಲಿ ಒತ್ತಿದರೆ ಅದು ದಿನಾಂಕವೆಂದು ಬಗೆದು ಮಾರ್ಚ್ ಒಂದು, ಸೆಪ್ಟೆಂಬರ್ ಎರಡು ಎಂದು ಬದಲಿಸಿಬಿಡುತ್ತಿತ್ತು. ಒಮ್ಮೆ ಬದಲಾದ ಮೇಲೆ ಮೂಲದಲ್ಲಿ ಏನಿತ್ತೆಂಬುದು ಮನೆಯೊಳಗೂ ಉಳಿಯುವುದಿಲ್ಲ. ಈ ಬಗ್ಗೆ 2004ರಲ್ಲೇ ದೂರು ಪ್ರಕಟವಾಗಿತ್ತು. 2016ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಹುಡುಕಿ ನೋಡಿದಾಗ, ಜೀನ್‌ಗಳ ಪಟ್ಟಿಯನ್ನು ಎಕ್ಸೆಲ್ ಹಾಳೆಯಾಗಿ ಲಗತ್ತಿಸಿದ್ದ ಪ್ರಬಂಧಗಳಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಈ ಬಗೆಯ ತಪ್ಪಿನಿಂದ ಕೆಟ್ಟಿದ್ದವು. ಕೊನೆಗೆ 2020ರಲ್ಲಿ ಜೀನ್‌ಗಳ ನಾಮಕರಣದ ಅಂತರರಾಷ್ಟ್ರೀಯ ಸಮಿತಿ ಎಕ್ಸೆಲ್ ಬದಲಾದೀತೆಂದು ಕಾಯುವುದನ್ನು ಬಿಟ್ಟು ಜೀನ್‌ಗಳ ಹೆಸರನ್ನೇ ಬದಲಿಸಿತು. ‘ಮಾರ್ಚ್-1’ ಹೋಗಿ ‘ಮಾರ್ಚ್‌ಎಫ್-1’ ಆಯಿತು, ‘ಸೆಪ್ಟ್-1’ ಹೋಗಿ ‘ಸೆಪ್ಟಿನ್-1’ ಆಯಿತು. ಹೀಗೆ ತಾನಾಗಿ ತಿದ್ದುವುದನ್ನು ಬೇಡವೆನ್ನುವ ಸೌಲಭ್ಯವನ್ನು ಮೈಕ್ರೋಸಾಫ್ಟ್ 2023ರಲ್ಲಿ ಸೇರಿಸಿತು. ಅಷ್ಟರಲ್ಲಿ ಜೀನ್‌ಗಳು ಹೊಸ ಹೆಸರಿಗೆ ಒಗ್ಗಿಹೋಗಿದ್ದವು.